ಡೆನ್ನಿಸಪ್ಪನ ಗಂಟಲಿನ ಹರಕೆ

ಬೈಲಹೊಂಗಲದಿಂದ ಸಂಗೊಳ್ಳಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ನನಗೆ ಸೀಟು ಸಿಗುವುದೇ ಅಪರೂಪ. ಸಿಕ್ಕ ದಿನ ಪಕ್ಕದಲ್ಲಿ ಕೂತವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ.

“ಅಕ್ಕೋರ, ನಿಮ್ಮ ಮನಿಯವರ ಶುಗರ್ ಈಗ ಹೆಂಗೈತ್ರಿ?”

ಒಬ್ಬರು ಹಾಗಲಕಾಯಿ ರಸ ಕುಡಿಸಿ ಎನ್ನುತ್ತಿದ್ದರು. ಇನ್ನೊಬ್ಬರು ನೇರಳೆ ಬೀಜ ಒಣಗಿಸಿ, ಪುಡಿ ಮಾಡಿ, ಪೊಟ್ಟಣ ಕಟ್ಟಿ ತಂದೇ ಕೊಟ್ಟರು. ಬೇಡ ಎಂದರೆ ಬೇಜಾರು ಮಾಡಿಕೊಳ್ಳುತ್ತಾರೆ ಎಂದು ತೆಗೆದುಕೊಂಡು, ಶಾಲೆಯ ಹಿತ್ತಲಲ್ಲಿ ಚೆಲ್ಲಿ ಬಂದಿದ್ದೇನೆ. ಸಂಗೊಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ಸುಳ್ಳು ಹೇಳಬಾರದು ಎಂದು ಕಲಿಸುವ ಈ ಅನ್ನಪೂರ್ಣಾ ಟೀಚರು, ಬಸ್ಸಿನಲ್ಲಿ ಮಾತ್ರ “ಈಗ ಸ್ವಲ್ಪ ಕಂಟ್ರೋಲಿಗೆ ಬಂದೈತ್ರಿ” ಎನ್ನುತ್ತಿದ್ದಳು.

ನಮ್ಮವರಿಗೆ ಶುಗರ್ ಇಲ್ಲ. ಐವತ್ತಾರು ವರ್ಷದ ಮನುಷ್ಯ, ಐದು ಎಚ್.ಪಿ. ಮೋಟರನ್ನು ಯಾರ ಸಹಾಯವೂ ಇಲ್ಲದೆ ಎತ್ತಿ ಬೆಂಚಿನ ಮೇಲಿಡುತ್ತಾರೆ. ಆದರೆ ಸಿಹಿ ಮುಟ್ಟುತ್ತಿರಲಿಲ್ಲ. ಯಾಕೆ ಮುಟ್ಟುವುದಿಲ್ಲ ಎಂಬ ನಿಜವನ್ನು ಹೇಳುವುದಕ್ಕಿಂತ ಶುಗರ್ ಇದೆ ಎಂದು ಒಪ್ಪಿಕೊಳ್ಳುವುದೇ ಮೇಲು ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಅದೇ ಕೊನೆಗೆ ನನ್ನ ಕುತ್ತಿಗೆಗೆ ಬಂತು.

ನಿಜ ಇಷ್ಟು. ಇಂಗ್ಲೆಂಡಿನಲ್ಲಿ ಡೆನ್ನಿಸ್ ಎಂಬ ಎಪ್ಪತ್ತೊಂದು ವರ್ಷದ ಮುದುಕನಿದ್ದಾನೆ. ಕೋಲ್ ಬಿಷಪ್ ಎಂಬ ಹೆವಿ ಮೆಟಲ್ ಬ್ಯಾಂಡಿನಲ್ಲಿ ಹಾಡುತ್ತಾನೆ. ಹಾಡುತ್ತಾನೆ ಎಂಬುದು ನಮ್ಮವರ ಮಾತು. ನನ್ನ ಪ್ರಕಾರ ಕಿರುಚುತ್ತಾನೆ. ಅವನ ಹೊಸ ಆಲ್ಬಮ್ ಬರುವ ತನಕ ಸಿಹಿ ತಿನ್ನುವುದಿಲ್ಲ ಎಂದು ನನ್ನ ಗಂಡ ಉಳವಪ್ಪ ಹರಕೆ ಹೊತ್ತಿದ್ದರು. ಇದನ್ನು ಬಸ್ಸಿನಲ್ಲಿ ಹೇಗೆ ಹೇಳಲಿ?

ನಮ್ಮವರದು ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟ ಪಂಪ್‌ಸೆಟ್ಟುಗಳನ್ನು ರೈತರು ತಂದು ಹಾಕುತ್ತಾರೆ. ಇವರು ಒಳಗಿನ ಕರಕಲು ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿ ಕೊಡುತ್ತಾರೆ. ಮೂವತ್ತು ವರ್ಷದ ಕೆಳಗೆ, ಅಂಗಡಿ ಹಾಕಿದ ಹೊಸತರಲ್ಲಿ, ಗೋವಾ ಕಡೆ ಲಾರಿ ಹೊಡೆಯುತ್ತಿದ್ದವನೊಬ್ಬ ಟೇಪ್ ರೆಕಾರ್ಡರ್ ರಿಪೇರಿಗೆ ಕೊಟ್ಟು ಹೋದವನು ತಿರುಗಿ ಬರಲೇ ಇಲ್ಲ. ಅದರ ಹೊಟ್ಟೆಯಲ್ಲಿ ಈ ಕೋಲ್ ಬಿಷಪ್‌ನವರ ಒಂದು ಕ್ಯಾಸೆಟ್ ಸಿಕ್ಕಿಕೊಂಡಿತ್ತು. ರಿಪೇರಿಯಾಯಿತೋ ಇಲ್ಲವೋ ನೋಡಲು ಇವರು ಅದನ್ನೇ ಹಚ್ಚಿದರು, ಹಚ್ಚಿ ಕೆಲಸಕ್ಕೆ ಕೂತರು. ಮೋಟರ್ ಸುತ್ತುವವನಿಗೆ ಸುತ್ತಿನ ಎಣಿಕೆ ತಪ್ಪಬಾರದು. ಐವತ್ತೆರಡು ಎಂದರೆ ಐವತ್ತೆರಡೇ ಆಗಬೇಕು. ಭಾವಗೀತೆ ಹಚ್ಚಿದರೆ ಮನಸ್ಸು ಎಲ್ಲಿಯೋ ಹೋಗಿ ಎಣಿಕೆ ತಪ್ಪುತ್ತಿತ್ತಂತೆ. ಈ ಕ್ಯಾಸೆಟ್ಟಿನ ಡ್ರಮ್ಮಿನ ಏಟಿಗೆ ಕೈ ಹೊಂದಿಕೊಂಡು ಒಂದು ದಿನವೂ ತಪ್ಪಲಿಲ್ಲವಂತೆ. ಹೀಗೆ ಶುರುವಾಯಿತು ಇವರ ಹುಚ್ಚು.

ಮದುವೆಯಾಗಿ ಬಂದ ಮೊದಲ ವಾರ ನಾನು ಊಟದ ಡಬ್ಬಿ ಕೊಡಲು ಅಂಗಡಿಗೆ ಹೋದೆ. ಒಳಗಿನ ಸದ್ದು ಕೇಳಿ ಮೋಟರ್ ಸುಟ್ಟಿತು ಎಂದು ಗಾಬರಿಯಾಗಿ ಮೇನ್ ಸ್ವಿಚ್ ಎಳೆದುಬಿಟ್ಟೆ. ಸದ್ದು ನಿಂತಿತು. ನಮ್ಮವರು ಕತ್ತಲಲ್ಲಿ ಕೂತು, “ಗಿಟಾರ್ ಭಾಗ ಬಂದಿತ್ತಲ್ಲಾ” ಎಂದರು. ಹೊಸ ಹೆಂಡತಿಗೆ ಗಂಡ ಅಂಗಡಿಯಲ್ಲಿ ಆಡಿದ ಮೊದಲ ಮಾತು ಅದು.

ಅಂಗಡಿಯ ಗೋಡೆಯ ಮೇಲೆ ಬಸವಣ್ಣನ ಪಟ, ಕಿತ್ತೂರು ಚೆನ್ನಮ್ಮನ ಪಟ, ಅದರ ಪಕ್ಕದಲ್ಲಿ ಈ ಬ್ಯಾಂಡಿನ ನಾಲ್ವರ ಪಟ. ಉದ್ದ ಕೂದಲು, ಗಡ್ಡ, ಕಪ್ಪು ಅಂಗಿ. ಹಳ್ಳಿಯಿಂದ ಬಂದ ರೈತರು ಚಪ್ಪಲಿ ಬಿಟ್ಟು, “ಇವರು ಯಾವ ಮಠದವರ್ರೀ?” ಎಂದು ಕೈ ಮುಗಿದದ್ದನ್ನು ಕಣ್ಣಾರೆ ನೋಡಿದ್ದೇನೆ. ನಮ್ಮವರು ಬೇಡ ಅನ್ನಲಿಲ್ಲ.

ಹುಚ್ಚಿಗೆ ಜೊತೆಗಾರರೂ ಸಿಕ್ಕರು. ಸವದತ್ತಿಯಲ್ಲಿ ಗೂಡ್ಸ್ ಟೆಂಪೋ ಓಡಿಸುವ ಟಿಪ್ಪುಸಾಬ ಯಾರದೋ ಮೋಟರ್ ತಂದವನು ಇಳಿಸುವುದು ಮರೆತು ಹಾಡು ಕೇಳುತ್ತಾ ನಿಂತ. ಅಂದಿನಿಂದ ಮೈದುನನಂತೆ ನಮ್ಮ ಮನೆಯವನೇ ಆಗಿ ನನಗೆ ವೈನಿ ಎನ್ನುತ್ತಾನೆ. ಕಿತ್ತೂರಿನ ಒಬ್ಬ ಡ್ರಿಲ್ ಮಾಸ್ತರನೂ ಸೇರಿಕೊಂಡ. ಮೂರೇ ಜನಕ್ಕೆ ಒಂದು ವಾಟ್ಸಾಪ್ ಗುಂಪು. ದಿನಾ ಬೆಳಿಗ್ಗೆ ತಲೆಬುರುಡೆಯ ಚಿತ್ರದ ಕೆಳಗೆ ಶುಭೋದಯ ಎಂದು ಬರೆದು ಕಳಿಸಿಕೊಳ್ಳುತ್ತಾರೆ. ಮಕ್ಕಳಿಗಿಂತ ಕಡೆ.

ಈಗ ಹರಕೆಯ ಸಂಗತಿ. ಮೂರು ವರ್ಷದ ಹಿಂದಿನ ಮಾಘದ ಭಾರತ ಹುಣ್ಣಿಮೆಗೆ ನಾವು ಯಲ್ಲಮ್ಮನ ಗುಡ್ಡಕ್ಕೆ ಹೋಗಿದ್ದೆವು. ನೈವೇದ್ಯದ ಬುಟ್ಟಿ ತುಂಬಿಸಿ, ಬಂಡೆಯ ನೆರಳಿಗೆ ಎಲೆ ಹಾಕಿ, ಹೋಳಿಗೆಯ ಮೇಲೆ ತುಪ್ಪ ಬಿಡುತ್ತಿದ್ದೆ. ಟಿಪ್ಪುಸಾಬನ ಫೋನ್ ಬಂತು. ಡೆನ್ನಿಸನ ಗಂಟಲಲ್ಲಿ ಗಡ್ಡೆ ಬೆಳೆದಿದೆ, ಆಪರೇಷನ್ ಆಗಬೇಕು, ಇನ್ನು ಹಾಡುತ್ತಾನೋ ಇಲ್ಲವೋ ಗೊತ್ತಿಲ್ಲ, ಹನ್ನೊಂದು ವರ್ಷದಿಂದ ಕಾಯುತ್ತಿದ್ದ ಆಲ್ಬಮ್ ಅರ್ಧಕ್ಕೆ ನಿಂತಿದೆ. ನಮ್ಮವರು ಫೋನ್ ಕಿಸೆಯಲ್ಲಿಟ್ಟು ಎದ್ದು ಹೋದರು. ಪಾಳಿಯಲ್ಲಿ ನಿಂತು ಇನ್ನೊಮ್ಮೆ ತಾಯಿಯ ದರ್ಶನ ಮಾಡಿ, ಎರಡು ತಾಸಿನ ಮೇಲೆ ಬೆವರು ಒರೆಸಿಕೊಳ್ಳುತ್ತಾ ಬಂದರು. ಎಲೆಯ ಮೇಲಿನ ಹೋಳಿಗೆ ತೆಗೆದು ನನ್ನ ಎಲೆಗೆ ಹಾಕಿದರು.

“ಸೀ ಬಿಟ್ಟೇನಿ. ಸಕ್ರಿ, ಬೆಲ್ಲ, ಎಲ್ಲಾ. ಡೆನ್ನಿಸ ಹಾಡಬೇಕು, ಆಲ್ಬಮ್ ಬರಬೇಕು. ಅಲ್ಲೀ ತನಕ.”

ಸುಳ್ಳೇಕೆ ಹೇಳಲಿ, ನನಗೆ ಹೊಟ್ಟೆಕಿಚ್ಚಾಯಿತು. ಅದರ ಹಿಂದಿನ ವರ್ಷವೇ ಧಾರವಾಡದಲ್ಲಿ ನನ್ನ ಗರ್ಭಕೋಶ ತೆಗೆದಿದ್ದರು. ಆಗ ಈ ಮನುಷ್ಯ ಒಂದು ಅಡಿಕೆ ಚೂರನ್ನೂ ಬಿಟ್ಟಿರಲಿಲ್ಲ. ಕಟ್ಟಿಕೊಂಡ ಹೆಂಡತಿಗಿಲ್ಲದ ಹರಕೆ, ಮುಖ ನೋಡದ ಮುದುಕನಿಗೆ! ಹಾಗೆಯೇ ಹೇಳಿದೆ ಕೂಡ. ನಮ್ಮವರು ಬದನೆಕಾಯಿ ಪಲ್ಯ ಹಚ್ಚಿಕೊಂಡು ರೊಟ್ಟಿ ತಿಂದರು.

ಆಪರೇಷನ್ ಆಯಿತು. ಮುದುಕ ಉಳಿದ. ಆರು ತಿಂಗಳಿಗೆ ಮಾತಾಡಿದ, ವರ್ಷಕ್ಕೆ ಗುನುಗಿದ. ಆಲ್ಬಮ್ ಮಾರ್ಚಿಗೆ ಬರುತ್ತದೆ ಎಂದರು. ಮಾರ್ಚಿನಲ್ಲಿ ಡ್ರಮ್ಮಿನವನ ಮೊಣಕೈ ಹಿಡಿದುಕೊಂಡಿತು, ಆಗಸ್ಟಿಗೆ ಹಾಕಿದರು. ಆಗಸ್ಟಿನಲ್ಲಿ ಮುಖಪುಟದ ಚಿತ್ರ ಮನಸ್ಸಿಗೆ ಬರಲಿಲ್ಲವೆಂದರು. ಆಮೇಲೆ ಮಿಕ್ಸಿಂಗ್ ಸರಿಯಾಗಿಲ್ಲವೆಂದರು. ಐವತ್ತು ವರ್ಷದಿಂದ ಅದೇ ಕೆಲಸ ಮಾಡುತ್ತಿರುವವರಿಗೆ ಒಂದು ತಾರೀಖು ಹಿಡಿದು ಮುಗಿಸಲು ಬರುವುದಿಲ್ಲವೆ? ನಮ್ಮ ಶಾಲೆಯಲ್ಲಿ ಬಿಸಿಯೂಟದ ಲೆಕ್ಕ ಒಂದು ದಿನ ತಡವಾದರೆ ನೋಟೀಸು ಬರುತ್ತದೆ. ಇವರಿಗೆ ಕೇಳುವವರೇ ಇಲ್ಲ. ಪ್ರತಿ ಸಲವೂ “ನಮ್ಮ ಅಭಿಮಾನಿಗಳ ತಾಳ್ಮೆಗೆ ವಂದನೆಗಳು” ಎಂದು ಬರೆಯುತ್ತಾರೆ. ನನ್ನ ಮಗಳು ಮಾಲಾ ಅದನ್ನು ಕನ್ನಡ ಮಾಡಿ ಓದಿದಾಗಲೆಲ್ಲ ನನ್ನ ಮೈ ಉರಿಯುತ್ತಿತ್ತು. ಯಾರ ತಾಳ್ಮೆ? ಮೂರು ಪಂಚಮಿಗೆ ಉಂಡಿ ಕಟ್ಟಿ, ಮೂರು ಯುಗಾದಿಗೆ ಹೋಳಿಗೆ ಮಾಡಿ, ಗಂಡನ ತಟ್ಟೆಗೆ ಬರೀ ಅನ್ನ ಸಾರು ಹಾಕಿದವಳು ನಾನು.

ಇದನ್ನೆಲ್ಲ ಹೇಗೋ ನುಂಗಿಕೊಂಡಿದ್ದೆ. ಮಾಲಾಳ ಮದುವೆಯ ಮಾತು ಬಂದಾಗ ನುಂಗಲಾಗಲಿಲ್ಲ.

ಮಾಲಾ ಸವದತ್ತಿಯ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತೆ. ಅಲ್ಲಿಯೇ ಕೆಲಸ ಮಾಡುವ ರಾಮದುರ್ಗದ ಹುಡುಗ ಮುತ್ತಪ್ಪ. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಮನಸ್ಸಾಗಿ ಎರಡು ವರ್ಷವಾಗಿತ್ತಂತೆ. ಹೇಳುವಾಗ ಮಗಳು ಬಳೆ ತಿರುವುತ್ತಾ ಕೂತದ್ದು ನೋಡಿ, ಇದು ಆಗಲೇಬೇಕು ಎಂದುಕೊಂಡೆ. ನನ್ನ ಸೋದರಮಾವ ಹಣಮಂತಪ್ಪ ಎರಡೂ ಕಡೆಗೆ ಬೇಕಾದವರು. ಅವರೇ ನಡುವೆ ನಿಂತರು. ಗಂಡಿನವರು ನಮ್ಮ ಮನೆ ನೋಡಿ ಹೋದರು. ನಾವು ರಾಮದುರ್ಗಕ್ಕೆ ಹೋದೆವು.

ಹುಡುಗನ ತಂದೆ ಬಸವಣ್ಣೆಪ್ಪ ಬೀಜ ಗೊಬ್ಬರದ ಅಂಗಡಿಯವರು, ಮಾತು ಕಡಿಮೆ. ತಾಯಿ ಬಾಯವ್ವ ನಮಗೆಂದು ಮಾದಲಿ ಮಾಡಿದ್ದರು. ಗೋಧಿ ರವೆ, ಬೆಲ್ಲ, ಗಸಗಸೆ, ಮೇಲೆ ಬಿಸಿ ಹಾಲು, ತುಪ್ಪ. ಪರಿಮಳಕ್ಕೇ ಹೊಟ್ಟೆ ತುಂಬಬೇಕು. ನಮ್ಮವರು ತಟ್ಟೆಯನ್ನು ಎರಡು ಬೆರಳಿನಿಂದ ಆಚೆ ಸರಿಸಿ, “ಒಲ್ಲೆರೀ” ಎಂದರು.

ನಮ್ಮ ಕಡೆ ಹೆಣ್ಣಿನವರು ಗಂಡಿನ ಮನೆಯ ಸಿಹಿಯನ್ನು ಒಲ್ಲೆ ಎಂದರೆ ಅದಕ್ಕೆ ಅರ್ಥ ಒಂದೇ. ಮನೆ ಮನಸ್ಸಿಗೆ ಬರಲಿಲ್ಲ ಎಂದು. ಬಾಯವ್ವನ ಮುಖ ಸಪ್ಪಗಾಯಿತು. ನಾನು ಗಡಬಡಿಸಿ, “ಅವರಿಗೆ ಸ್ವಲ್ಪ ಶುಗರ್ ಐತ್ರಿ” ಎಂದುಬಿಟ್ಟೆ. ಮೂರು ವರ್ಷ ಬಸ್ಸಿನಲ್ಲಿ ಹೇಳಿ ಹೇಳಿ ಬಾಯಿಗೆ ರೂಢಿಯಾಗಿದ್ದ ಮಾತು. ಬಸವಣ್ಣೆಪ್ಪನವರ ತಮ್ಮ ಶುಗರ್‌ನಿಂದ ಕಾಲು ಕಳೆದುಕೊಂಡು, ಮೂವತ್ತೊಂಬತ್ತಕ್ಕೇ ತೀರಿಕೊಂಡಿದ್ದ ಎಂದು ನನಗೇನು ಗೊತ್ತು?

ಎಂಟು ದಿನಕ್ಕೆ ಹಣಮಂತಪ್ಪ ಮಾವ ಬಂದರು.

“ಅನ್ನಪೂರ್ಣಾ, ಅವರು ಹೆದರ್ಯಾರ. ಅಪ್ಪಗ ಇದ್ರ ಮಗಳಿಗೂ ಬರತೈತಿ ಅಂತಾರ. ಒಂದ ಸಾವು ಕಂಡ ಮನಿ ಅದು.”

ನಾನು ನಮ್ಮವರ ಕೈ ಹಿಡಿದು ರಕ್ತ ಪರೀಕ್ಷೆಗೆ ಎಳೆದುಕೊಂಡು ಹೋದೆ. ಹಸಿದ ಹೊಟ್ಟೆಯದು, ಉಂಡ ಮೇಲಿನದು, ಮೂರು ತಿಂಗಳ ಸರಾಸರಿ, ಎಲ್ಲ ಮಾಡಿಸಿದೆ. ಎಲ್ಲ ಸರಿ ಇತ್ತು. ರಿಪೋರ್ಟು ರಾಮದುರ್ಗಕ್ಕೆ ಹೋಯಿತು. ಮೂರನೇ ದಿನ ಮಾವ ತಿರುಗಿ ಬಂದರು, ಮೊದಲಿಗಿಂತ ಬೇಸತ್ತ ಮುಖದಿಂದ.

“ಬ್ಯಾನಿ ಇಲ್ಲಂದ್ರ ನಮ್ಮ ಮನಿ ಮಾದಲಿ ಯಾಕ ತಿನ್ನಲಿಲ್ಲ ಅಂತ ಕೇಳಾಕ ಹತ್ಯಾರ. ನೀನು ಸುಳ್ಳ ಯಾಕ ಹೇಳಿದಿ ಅಂತನೂ ಕೇಳ್ಯಾರ. ನಾ ಏನ ಹೇಳ್ಲಿ?”

ನಮ್ಮವರು ಎದ್ದು ನಿಂತು, “ಇದ್ದದ್ದ ಹೇಳ್ರಿ. ಡೆನ್ನಿಸನ ಹರಕಿ ಐತಿ ಅಂತ” ಎಂದರು.

“ಬಾಯಿ ಮುಚ್ಚ್ರಿ” ಎಂದೆ ನಾನು. ಮಾವನ ಮುಂದೆ ಗಂಡನಿಗೆ ಹಾಗೆ ಅಂದದ್ದು ಅದೇ ಮೊದಲು. ಶುಗರ್ ಇರುವ ಮನೆಯ ಹೆಣ್ಣನ್ನಾದರೂ ಯಾರೋ ತಂದುಕೊಂಡಾರು. ತಲೆ ಕೆಟ್ಟವನ ಮಗಳನ್ನು ಯಾರು ತಂದುಕೊಳ್ಳುತ್ತಾರೆ?

ಕೊನೆಗೆ ಬಸವಣ್ಣೆಪ್ಪನವರೇ ಒಂದು ದಾರಿ ಹೇಳಿ ಕಳಿಸಿದರು. ಸಕ್ಕರೆ ಶಾಸ್ತ್ರ ಇಡೋಣ. ಎರಡೂ ಮನೆಯ ಹಿರಿಯರು ಎಲ್ಲರೆದುರು ಒಬ್ಬರಿಗೊಬ್ಬರು ಸಕ್ಕರೆ ತಿನ್ನಿಸಿಕೊಳ್ಳಲಿ. ಹೆಣ್ಣಿನ ತಂದೆ ನಮ್ಮ ಕೈಯ ಸಕ್ಕರೆ ತಿಂದರೆ ಮಾತು ಗಟ್ಟಿ. ತಿನ್ನದಿದ್ದರೆ ಅಲ್ಲಿಗೇ ಮುಗಿಯಿತು.

ಆ ವಾರವೇ ಬ್ಯಾಂಡಿನವರು ಹೊಸ ತಾರೀಖು ಹೇಳಿದ್ದರು. ನವೆಂಬರ್ ಹದಿನಾಲ್ಕು, ಶುಕ್ರವಾರ; ಈ ಸಲ ಖಂಡಿತ. ನಾನು ಪಂಚಾಂಗ ತೆಗೆದು, ಹದಿನಾರನೇ ತಾರೀಖು ರವಿವಾರವೇ ಒಳ್ಳೆಯ ದಿನ ಎಂದು ಹಟ ಹಿಡಿದು ಎರಡೂ ಕಡೆಯವರನ್ನು ಒಪ್ಪಿಸಿದೆ. ಯಾಕೆ ಅದೇ ದಿನ ಎಂದು ಯಾರಿಗೂ ಹೇಳಲಿಲ್ಲ. ದಸರಾ ಹೋಯಿತು, ದೀಪಾವಳಿ ಹೋಯಿತು. ದಿನಾ ಶಾಲೆಯಿಂದ ಬಂದವಳೇ ಕೇಳುತ್ತಿದ್ದೆ, “ಹದಿನಾಲ್ಕಕ್ಕ ಬರತೈತಿ ಹೌದಲ್ರೀ?” ಲೋಕದಲ್ಲಿ ಆ ಆಲ್ಬಮ್ಮಿಗೆ ನನ್ನಷ್ಟು ಕಾದವರು ಇನ್ನೊಬ್ಬರಿರಲಿಕ್ಕಿಲ್ಲ. ಮೂವರೂ ಗಂಡಸರಿಗೆ ಭಾರೀ ಖುಷಿ. ವೈನಿ ನಮ್ಮ ಗುಂಪಿಗೆ ಬಂದರು ಎಂದು ಟಿಪ್ಪುಸಾಬ ನನ್ನನ್ನು ಆ ವಾಟ್ಸಾಪಿಗೂ ಸೇರಿಸಿಬಿಟ್ಟ.

ಹನ್ನೆರಡನೇ ತಾರೀಖು, ಬುಧವಾರ ಸಂಜೆ, ಟಿಪ್ಪುಸಾಬನ ಟೆಂಪೋ ಮನೆಯ ಮುಂದೆ ನಿಂತಿತು. ಅವನು ಒಳಗೆ ಬರದೆ ಬಾಗಿಲಲ್ಲೇ ನಿಂತದ್ದು ನೋಡಿದಾಗಲೇ ನನಗೆ ತಿಳಿಯಿತು.

“ವೈನಿ, ಸಿಟ್ಟ ಮಾಡಬ್ಯಾಡ್ರಿ. ಮಾರ್ಚಿಗೆ ಹೋಗೇತಿ.”

“ಯಾಕ?”

“ಎರಡ ಹಾಡು ಮತ್ತ ಹಾಡತಾನಂತ. ಮೊದಲ ಹಾಡಿದ್ದು ಅವಗ ಮನಸಿಗೆ ಬಂದಿಲ್ಲಂತ.”

ಕೈಯಲ್ಲಿದ್ದ ಮೊರವನ್ನು ನೆಲಕ್ಕೆ ಕುಕ್ಕಿದೆ. ಆರಿಸಿಟ್ಟ ಅಕ್ಕಿ ಪಡಸಾಲೆ ತುಂಬ ಚೆಲ್ಲಿತು. ಎಪ್ಪತ್ತೊಂದು ವರ್ಷವಾದರೂ ಮನಸ್ಸಿಗೆ ಬರುವ ಹಾಗೆ ಹಾಡಲು ಬರದವನು ಇಷ್ಟು ದಿನ ಏನು ಮಾಡುತ್ತಿದ್ದ? ಮೂವತ್ತು ವರ್ಷದ ಸಿಟ್ಟನ್ನೆಲ್ಲ ಒಟ್ಟುಗೂಡಿಸಿ ಬೈದೆ. ಡೆನ್ನಿಸನನ್ನು, ಡ್ರಮ್ಮಿನವನನ್ನು, ಲಾರಿಯವನನ್ನು, ಕೊನೆಗೆ ನಿರಪರಾಧಿ ಟಿಪ್ಪುಸಾಬನನ್ನೂ ಬಿಡಲಿಲ್ಲ. ಅವನು ತಲೆ ಬಗ್ಗಿಸಿ ಕೂತು ಚೆಲ್ಲಿದ ಅಕ್ಕಿಯನ್ನು ಮೊರಕ್ಕೆ ತುಂಬಿಕೊಟ್ಟು ಹೋದ.

ರವಿವಾರ ಬಂತು. ರಾಮದುರ್ಗದಿಂದ ಎರಡು ಜೀಪು ತುಂಬ ಜನ ಬಂದು ಪಡಸಾಲೆಯಲ್ಲಿ ಕೂತರು. ಬೆಳ್ಳಿಯ ತಾಟಿನಲ್ಲಿ ಸಕ್ಕರೆ, ಅದರ ಮೇಲೆ ಲವಂಗ, ಯಾಲಕ್ಕಿ. ಹಣಮಂತಪ್ಪ ಮಾವ ಬೀಗರಿಗೆ ರುಮಾಲು ಸುತ್ತುತ್ತಿದ್ದರು. ನಾನು ನಮ್ಮವರನ್ನು ಅಡುಗೆಮನೆಯ ಒಳಗಿನ ದೇವರ ಜಗುಲಿಯ ಹತ್ತಿರ ಕರೆದೆ.

“ಇವತ್ತೊಂದಿನ ತಿನ್ರಿ. ನಿಮ್ಮ ಕಾಲ ಬೀಳತೇನಿ.”

ಅವರ ಕಣ್ಣು ಕೆಂಪಾಗಿತ್ತು. ಎರಡು ದಿನದಿಂದ ನಿದ್ದೆ ಮಾಡಿರಲಿಲ್ಲ.

“ಮೂರ ವರ್ಷ ಆತು ಅವನ ಗಂಟಲಾ ಹಿಡಕೊಂಡ ನಿಂತೇನಿ. ಮತ್ತ ಹಾಡಾಕ ಹತ್ಯಾನ. ಈಗ ನಾ ಕೈ ಬಿಟ್ಟು ಏನರ ಆದ್ರ?”

“ಮಗಳ ಕೈ ಯಾರ ಹಿಡೀಬೇಕ್ರೀ? ನನ್ನ ಹೊಟ್ಟಿ ಕೊಯ್ದಾಗ ಏನ ಬಿಟ್ಟಿದ್ರಿ ನೀವು?”

“ನಿನ್ನ ಕೂಡ ನಾನ ಇದ್ನಲ್ಲ” ಎಂದರು ಅವರು. “ಹನ್ನೊಂದು ದಿನ ಆ ದವಾಖಾನಿ ಫರಸಿ ನೆಲದ ಮ್ಯಾಲ ಮಲಗಿದ್ದೆ. ಕೈಲೇ ಮಾಡೂದಿತ್ತು, ಮಾಡಿದ್ನಿ. ಅವಗ ಕೈಲೇ ಏನ ಮಾಡ್ಲಿ? ಅಷ್ಟ ದೂರ ಅದಾನ.”

ಅದು ನಿಜವೇ ಆಗಿತ್ತು. ಮೂರು ವರ್ಷ ಒಂದು ಕಲ್ಲನ್ನು ಎದೆಯ ಮೇಲೆ ಇಟ್ಟುಕೊಂಡು ತಿರುಗಿದ್ದೆನಲ್ಲ ಎಂದು ನನ್ನ ಮೇಲೆಯೇ ಸಿಟ್ಟು ಬಂತು. ಅಷ್ಟರಲ್ಲಿ ಬಾಗಿಲಿಗೆ ಮಾಲಾ ಬಂದು ನಿಂತಿದ್ದಳು. ಇಳಕಲ್ಲ ಸೀರೆ ಉಟ್ಟು, ಹೂ ಮುಡಿದು, ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ಅಪ್ಪಾ, ನಿನಗ ಆಗೂದಿಲ್ಲಂದ್ರ ಬ್ಯಾಡ ಬಿಡು. ನಾ ಮುತ್ತಪ್ಪಗ ಹೇಳತೇನಿ.”

ಅಪ್ಪನ ಮೇಲೆ ಅವಳಿಗೆ ಸಿಟ್ಟೇ ಇರಲಿಲ್ಲ. ಎರಡು ವರ್ಷದ ಆಸೆಯನ್ನು ಹೀಗೆ ತೆಗೆದಿಡಲು ತಯಾರಾಗಿದ್ದಳು. ಗಂಡ ಹೀಗೆ, ಮಗಳು ಹೀಗೆ. ಈ ಮನೆಯಲ್ಲಿ ಸಿಟ್ಟು ಮಾಡುವವಳು ನಾನೊಬ್ಬಳೇ. ಮಾಡುವ ಕೆಲಸವೂ ನನ್ನದೇ ಎಂದು ಗೊತ್ತಾಯಿತು. ನನ್ನ ತವರಿನಲ್ಲಿ ಅಜ್ಜ ದಾರಿಯುದ್ದಕ್ಕೂ ಅಡ್ಡಬೀಳುತ್ತಾ ಗುಡಿಗೆ ಹೋಗುವ ದೀಡ ನಮಸ್ಕಾರದ ಹರಕೆ ಹೊತ್ತು ಕಾಲು ಮುರಿದುಕೊಂಡಾಗ ಅಜ್ಜಿಯೇ ಅದನ್ನು ತೀರಿಸಿದ್ದಳು. ಹರಕೆ ಹೊತ್ತವರಿಗೆ ಆಗದಿದ್ದರೆ ಮನೆಯವರು ಹೊರಬಹುದು, ದೇವರು ಬೇಡ ಅನ್ನುವುದಿಲ್ಲ.

“ನಿಮ್ಮ ಹರಕಿ ನನಗ ಕೊಡ್ರಿ” ಎಂದು ಕೈ ಚಾಚಿದೆ.

“ನೀ ನಂಬೂದಿಲ್ಲಲ್ಲ!”

“ನಂಬೂದು ನಿಮಗಿರಲಿ. ಬಿಡೂದು ನನಗಿರಲಿ. ಲಗೂನ ಕೊಡ್ರಿ, ಹೊರಗ ಮಂದಿ ಕುಂತಾರ.”

ಅವರು ಜಗುಲಿಯ ಮೇಲಿನ ತಂಬಿಗೆಯಿಂದ ನನ್ನ ಅಂಗೈಗೆ ನೀರು ಬಿಟ್ಟರು. ಹೆಸರು ಹಿಡಿದು ಹೇಳಬೇಕು ಎಂದರು. ಯಲ್ಲಮ್ಮ ತಾಯಿ, ಡೆನ್ನಿಸಪ್ಪನ ಗಂಟಲು ಕಾಯು, ಅವನ ಆಲ್ಬಮ್ ಬರುವ ತನಕ ನಾನು ಸಿಹಿ ತಿನ್ನುವುದಿಲ್ಲ. ಹಾಗೆಂದು ಹೇಳಿ ಆ ನೀರು ಕುಡಿದೆ. ದಿನಕ್ಕೆ ಆರು ಸಲ ಎರಡೆರಡು ಚಮಚ ಸಕ್ಕರೆ ಹಾಕಿ ಚಹಾ ಕುಡಿಯುವವಳು ನಾನು.

ನಮ್ಮವರು ಹೊರಗೆ ಹೋಗಿ ಕೂತರು. ಬಸವಣ್ಣೆಪ್ಪನವರು ಚಿಟಿಕೆಯಲ್ಲ, ಮುಷ್ಟಿ ಸಕ್ಕರೆ ತೆಗೆದು ಇವರ ಬಾಯಿಗಿಟ್ಟರು. ಮೂವತ್ತು ಜನ ಇವರ ಗಂಟಲನ್ನೇ ನೋಡುತ್ತಿದ್ದರು. ನುಂಗಿದರು. ಕಣ್ಣಿಂದ ನೀರು ದಳದಳ ಇಳಿಯಿತು. ಮಗಳನ್ನು ಕೊಡುವ ಸಂಕಟ ಎಂದು ಎಲ್ಲರೂ ತಿಳಿದರು. ಹಣಮಂತಪ್ಪ ಮಾವ ಭಾರವಿಳಿದವರಂತೆ ಗೋಡೆಗೆ ಒರಗಿದರು.

ನಾನೂ ಉಸಿರು ಬಿಡುವಷ್ಟರಲ್ಲಿ ಬಾಯವ್ವ ಸಕ್ಕರೆಯ ತಾಟು ಹಿಡಿದು ನನ್ನ ಕಡೆಗೆ ಬಂದರು. ಗಂಡಸರದಾದ ಮೇಲೆ ಬೀಗತಿಯರು ಬಾಯಿ ಸಿಹಿ ಮಾಡಿಕೊಳ್ಳುವ ಪದ್ಧತಿ. ಇಪ್ಪತ್ತು ಸಕ್ಕರೆ ಶಾಸ್ತ್ರ ನೋಡಿದ್ದೇನೆ, ನಾಲ್ಕಕ್ಕೆ ನಾನೇ ಹಾಡು ಹೇಳಿದ್ದೇನೆ. ಸಿಟ್ಟಿನ ಭರದಲ್ಲಿ ಅದೊಂದು ನೆನಪೇ ಆಗಿರಲಿಲ್ಲ.

“ಬಾಯಿ ತಗೀರಿ, ಅಕ್ಕೋರ” ಎಂದರು ಬಾಯವ್ವ.

“ಒಲ್ಲೆರೀ” ಎಂದೆ.

ಬಾಯವ್ವನ ಕೈ ಅರ್ಧಕ್ಕೆ ನಿಂತಿತು.

“ನಿಮಗೂ ಶುಗರ್ ಐತೇನ್ರೀ?”

ಇನ್ನೊಂದು ಸುಳ್ಳು ನನ್ನ ಬಾಯಿಗೆ ಬರಲಿಲ್ಲ. ಬೇಸತ್ತು ಹೋಗಿದ್ದೆ. ಆದದ್ದಾಗಲಿ ಎಂದು ಹೇಳಿದೆ. ಒಬ್ಬ ಹಾಡುವ ಮುದುಕನಿದ್ದಾನೆ, ಪರದೇಶದವನು, ಅವನ ಗಂಟಲಿಗೆ ಬೇನೆ ಬಂತು, ನಮ್ಮವರು ಹರಕೆ ಹೊತ್ತರು, ನಿಮ್ಮ ಮನೆಯ ಮಾದಲಿ ತಿನ್ನದಿದ್ದದ್ದು ಅದಕ್ಕೇ, ಶುಗರ್ ಎಂದು ಸುಳ್ಳು ಹೇಳಿದ್ದು ನಾಚಿಕೆಗೆ. ಅವನ ಹೆಸರು ಡೆನ್ನಿಸ್ ಎಂದಾಗ ಜೀಪಿನ ಡ್ರೈವರ್ ಕಿಸಕ್ಕನೆ ನಕ್ಕ. ಬಸವಣ್ಣೆಪ್ಪನವರು ಅವನ ಕಡೆ ಒಮ್ಮೆ ನೋಡಿದರು, ನಗು ನಿಂತಿತು.

“ಮತ್ತ ನಿಮ್ಮವರು ಈಗ ತಿಂದ್ರಲ್ಲ?” ಬಾಯವ್ವ ಕೇಳಿದರು.

“ಅವರ ಹರಕಿ ನಾ ತಗೊಂಡೇನ್ರಿ. ಹತ್ತ ನಿಮಿಷ ಆತು. ನಿಮ್ಮ ಮನಿ ಸಕ್ರಿ ಅವರು ತಿನ್ನಲಿ ಅಂತ.”

ಬಾಯವ್ವ ತಾಟನ್ನು ಕೆಳಗಿಟ್ಟರು. ಅವರ ಗಂಡನ ತಮ್ಮ ಕಾಲು ಕಳೆದುಕೊಂಡು ಮಲಗಿದಾಗ ಅವರು ಏನೇನು ಬಿಟ್ಟಿದ್ದರೋ, ಯಾವ ಯಾವ ದೇವರಿಗೆ ಹೋಗಿದ್ದರೋ ನನಗೆ ತಿಳಿಯದು. ಅವರು ನನ್ನ ಸೆರಗಿನ ತುದಿ ಹಿಡಿದು ಅದರಲ್ಲಿ ಒಂದು ಮುಷ್ಟಿ ಸಕ್ಕರೆ ಸುರಿದು ಗಂಟು ಹಾಕಿದರು.

“ಇದು ನಿಮ್ಮ ಪಾಲು. ಅಂವ ಹಾಡಿದ ದಿನ ತಿನ್ರಿ, ಬೀಗತೀ.”

ಬೀಗತಿ ಎಂದರಲ್ಲ, ಅಲ್ಲಿಗೆ ಮಾತು ಗಟ್ಟಿಯಾಯಿತು. ಮಾಲಾ ಒಳಗೆ ಓಡಿಹೋದಳು.

ಮದುವೆ ಫೆಬ್ರುವರಿಯಲ್ಲಿ, ಆಲ್ಬಮ್ ಮಾರ್ಚಿನಲ್ಲಿ. ಅಂದರೆ ಒಬ್ಬಳೇ ಮಗಳ ಮದುವೆಯಲ್ಲಿ ನಾನು ಬುಂದಿ ಕಾಳನ್ನೂ ಬಾಯಿಗೆ ಹಾಕುವಂತಿಲ್ಲ. ನಮ್ಮವರೋ, ಮೂರು ವರ್ಷದ ಬಾಕಿಯನ್ನೆಲ್ಲ ತೀರಿಸುವವರಂತೆ ಕರದಂಟು, ಪೇಡೆ, ಜಿಲೇಬಿ ಎಂದು ತಿನ್ನತೊಡಗಿದರು, ಅದೂ ನನ್ನೆದುರಿಗೇ. ಸಕ್ಕರೆಯಿಲ್ಲದ ಚಹಾ ಕುಡಿದು ನನಗೆ ತಲೆಶೂಲೆ. ಬಾಯವ್ವ ಪ್ರತಿ ಶುಕ್ರವಾರ ಫೋನ್ ಮಾಡಿ, “ಬಂತೇನ್ರೀ ಆಲ್ಬಮ್?” ಎನ್ನುತ್ತಾರೆ. ತಡವಾದದ್ದಕ್ಕೆ ಲೋಕದ ಅಭಿಮಾನಿಗಳೆಲ್ಲ ಬ್ಯಾಂಡಿನವರ ಪುಟದಲ್ಲಿ ಬೈದು ಬರೆಯುತ್ತಿದ್ದಾರಂತೆ. ನನ್ನದೂ ಇರಲಿ, ನಾಲ್ಕು ಮಾತು ಬಿಗಿಯಾಗಿ ಹೇಳುತ್ತೇನೆ, ಇಂಗ್ಲಿಷಿನಲ್ಲಿ ಬರೆ ಎಂದು ಮಾಲಾಳಿಗೆ ಹೇಳಿ ಇಟ್ಟಿದ್ದೆ.

ಡಿಸೆಂಬರಿನ ಒಂದು ರವಿವಾರ ಮಧ್ಯಾಹ್ನ ಟಿಪ್ಪುಸಾಬ ಓಡುತ್ತಾ ಬಂದ. ಆಲ್ಬಮ್ಮಿಗೆ ಮುಂಚೆ ಒಂದು ಹಾಡು ಬಿಟ್ಟಿದ್ದರು, ಹೊಸದಾಗಿ ಹಾಡಿದ ಎರಡರಲ್ಲಿ ಒಂದು. ಒಂದು ಹಾಡಿಗೆ ಹರಕೆ ತೀರುತ್ತದೆಯೇ ಎಂದು ಕೇಳಿದೆ. ಇನ್ನೂ ಎಂಟು ಬರಬೇಕು ಎಂದರು ನಮ್ಮವರು. ಸರಿ, ನಾನು ಯಾರಿಗಾಗಿ ಕಹಿ ಚಹಾ ಕುಡಿಯುತ್ತಿದ್ದೇನೋ ಅವನ ದನಿಯನ್ನಾದರೂ ಕೇಳೋಣ ಎಂದು ಮೊದಲ ಬಾರಿಗೆ ಆ ಸದ್ದಿನ ಮುಂದೆ ಕೂತೆ.

ಗಿಟಾರುಗಳು ಎಂದಿನಂತೆ ಬೊಬ್ಬೆ ಹೊಡೆದವು. ಆಮೇಲೆ ಅವನು ಬಂದ. ಮೂವತ್ತು ವರ್ಷ ಗೋಡೆಯಾಚೆಯಿಂದ ಕೇಳಿದ ಆ ಕಿರುಚಾಟ ಇರಲಿಲ್ಲ. ದನಿ ಸವೆದಿತ್ತು. ಮೇಲಿನ ಸ್ವರಕ್ಕೆ ಹೋಗುವಾಗ ನಡುವೆ ಒಡೆಯಿತು, ನಿಂತಿತು. ಉಸಿರು ಎಳೆದುಕೊಂಡದ್ದು ಸ್ಪಷ್ಟವಾಗಿ ಕೇಳಿಸಿತು. ಅಷ್ಟು ಹೊತ್ತು ಗಿಟಾರಿನವರು ಅದೇ ಒಂದು ಸ್ವರ ಹಿಡಿದು ಅವನಿಗಾಗಿ ಕಾದರು. ಅವನು ಕೆಳಗಿನ ದನಿಯಲ್ಲಿ ಆ ಸಾಲನ್ನು ಮುಗಿಸಿದ. ಜ್ವರ ಬಿಟ್ಟು ಶಾಲೆಗೆ ಬಂದ ಮಗು ಎದ್ದು ನಿಂತು ಪಾಠ ಓದುವಾಗ ಹೀಗೆಯೇ ತಡೆಯುತ್ತದೆ. ಆಗ ನಾನು ಬೆತ್ತ ತೆಗೆದುಕೊಳ್ಳುವುದಿಲ್ಲ, ಪುಸ್ತಕದ ಮೇಲೆ ಬೆರಳಿಟ್ಟು ಕಾಯುತ್ತೇನೆ.

ಹಾಡು ಮುಗಿಯಿತು. ಗಂಡಸರಿಬ್ಬರೂ ಮೂಗು ಒರೆಸಿಕೊಳ್ಳುತ್ತಿದ್ದರು. ಮಾಲಾ ಮೊಬೈಲು ಹಿಡಿದು, “ಯವ್ವಾ, ಬೈತೇನಿ ಅಂದಿದ್ದಿಯಲ್ಲ, ಹೇಳು, ಬರೀತೇನಿ” ಎಂದಳು.

“ಅವಸರ ಮಾಡಬ್ಯಾಡ್ರಿ ಅಂತ ಬರಿ. ಉಸರ ತಗೊಂಡ ಸಾವಕಾಶ ಹಾಡ್ರಿ. ನಾ ಕಾಯತೇನಿ.”

ನಮ್ಮವರು ತಿರುಗಿ ನನ್ನ ಮುಖ ನೋಡಿದರು. ಮಾಲಾ ಬರೆದು ಮುಗಿಸಿ, ಕೆಳಗೆ ನಿನ್ನ ಹೆಸರು ಹಾಕಲೇ ಎಂದು ಕೇಳಿದಳು. ಹಾಕು ಎಂದೆ.